ಪ್ರೆಗ್ನೆನ್ಸಿಲಿ ಆಂಟಿಬಯೋಟಿಕ್ ಬರೆದುಕೊಟ್ರೆ ಏನೇನು ನೋಡ್ಕೋಬೇಕು, ಏನೇನು ಕೇಳ್ಬೇಕು

ಬಸುರಿ ಕೈಗೆ ಆಂಟಿಬಯೋಟಿಕ್ ಚೀಟಿ ಬಂದ ತಕ್ಷಣ ಮನೇಲಿ ಎರಡು ಪಾರ್ಟಿ ಆಗಿಬಿಡುತ್ತೆ, ಒಬ್ರು ಡಾಕ್ಟ್ರೇ ಬರ್ದಿದಾರಲ್ಲ ನುಂಗು ಅಂತಾರೆ, ಇನ್ನೊಬ್ರು ಬೇಡ್ವೇ ಬೇಡ ಮಗೂಗೆ ಹೋಗುತ್ತೆ ಅಂತಾರೆ. ಹೋಗೋದೇನೋ ನಿಜ, ಹೆಚ್ಚುಕಮ್ಮಿ ಎಲ್ಲಾ ಆಂಟಿಬಯೋಟಿಕ್ಕೂ ಒಂದಿಷ್ಟಾದ್ರೂ ಹೋಗುತ್ತೆ. ಹೋಗಿ ಏನು ಮಾಡುತ್ತೆ ಅನ್ನೋದು ಮಾತ್ರ ಯಾವ ಔಷಧಿ, ಎಷ್ಟನೇ ವಾರ ಅನ್ನೋದರ ಮೇಲಿದೆ.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಅಕ್ಷರದಲ್ಲಿರೋ ಬ್ರ್ಯಾಂಡ್ ಹೆಸರು ನಮಗೆ ಬೇಡ, ಕೆಳಗೆ ಸಣ್ಣದಾಗಿ ಬರ್ದಿರೋ ಔಷಧಿ ಹೆಸರು ಬೇಕು, ಅಮಾಕ್ಸಿಸಿಲಿನ್, ಸೆಫಾಲೆಕ್ಸಿನ್, ಡಾಕ್ಸಿಸೈಕ್ಲಿನ್ ಹೀಗೆ ಏನೋ ಇರುತ್ತೆ. ಒಂದೇ ಮಾತ್ರೇಲಿ ಎರಡು ಹೆಸರಿದ್ರೆ ಎರಡನ್ನೂ ಬರ್ಕೊಳ್ಳಿ, ಪಕ್ಕದಲ್ಲಿ ಎಂಜಿ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಅಂತಾನೂ ಹಾಕಿ.

ಈಗ ಇದು ದಾಟೋದು ಹೇಗೆ ಅಂತ ನೋಡಣ. ತಾಯಿ ರಕ್ತ ಮಗು ರಕ್ತ ನೇರವಾಗಿ ಬೆರೆಯಲ್ಲ. ಮಾಸಿನೊಳಗೆ (ಪ್ಲಾಸೆಂಟಾ) ಬೇರಿನ ಥರ ಕವಲೊಡೆದಿರೋ ಎಳೆಗಳಿರ್ತವೆ, ಅದರ ಹೊರಗಡೆ ತಾಯಿ ರಕ್ತ, ಒಳಗಡೆ ಮಗುವಿನ ರಕ್ತನಾಳ, ಮಧ್ಯೆ ತೆಳ್ಳಗಿನ ಪೊರೆ. ಔಷಧಿ ಆ ಪೊರೆ ದಾಟಬೇಕು. ಅಣು ಚಿಕ್ಕದಿದ್ರೆ, ಅಂದ್ರೆ ಸುಮಾರು 500 ಡಾಲ್ಟನ್ (ಅಣುವಿನ ತೂಕ ಅಳೆಯೋ ಮಾನ) ಒಳಗಿದ್ರೆ ಸಲೀಸಾಗಿ ನುಗ್ಗುತ್ತೆ, 1000 ದಾಟಿದ್ರೆ ಕಷ್ಟ. ಅಮಾಕ್ಸಿಸಿಲಿನ್ 365, ಡಾಕ್ಸಿಸೈಕ್ಲಿನ್ 444, ಎರಡೂ ದಾಟ್ತವೆ. ಸೈಜ್ ಒಂದೇ ಅಲ್ಲ, ಕೊಬ್ಬಿನಲ್ಲಿ ಕರಗೋ ಔಷಧಿ ಬೇಗ ದಾಟುತ್ತೆ, ತಾಯಿ ರಕ್ತದ ಪ್ರೋಟೀನಿಗೆ ಅಂಟ್ಕೊಂಡಿರೋದು ಅಲ್ಲೇ ಉಳ್ಕೊಳ್ಳುತ್ತೆ, ಕೆಲವನ್ನ ಮಾಸೇ ವಾಪಸ್ ಪಂಪ್ ಮಾಡಿ ಕಳಿಸುತ್ತೆ. ತಿಂಗಳು ತುಂಬ್ತಾ ಬಂದ ಹಾಗೆ ಪೊರೆ ಇನ್ನೂ ತೆಳ್ಳಗಾಗುತ್ತೆ.

ಅಮಾಕ್ಸಿಸಿಲಿನ್ನೂ ದಾಟುತ್ತೆ ಡಾಕ್ಸಿಸೈಕ್ಲಿನ್ನೂ ದಾಟುತ್ತೆ ಅಂದ್ಮೇಲೆ ಒಂದನ್ನ ಬಸುರಿಗೆ ಕೊಡ್ತಾರೆ ಇನ್ನೊಂದನ್ನ ಯಾಕೆ ಕೊಡಲ್ಲ? ಅಮಾಕ್ಸಿಸಿಲಿನ್ ಥರದ ಪೆನಿಸಿಲಿನ್ ಜಾತಿ ಔಷಧಿಗಳು ಹೊಡೆಯೋದು ಬ್ಯಾಕ್ಟೀರಿಯಾದ ಗೋಡೆಗೆ, ಮನುಷ್ಯರ ಜೀವಕೋಶಕ್ಕೆ ಆ ಗೋಡೆನೇ ಇಲ್ಲ, ಜೊತೆಗೆ ದಶಕಗಟ್ಟಲೆ ಬಸುರಿಯರಿಗೆ ಕೊಟ್ಟು ನೋಡಿರೋ ಅನುಭವ ಇದೆ. ಡಾಕ್ಸಿಸೈಕ್ಲಿನ್ ಸೇರಿರೋ ಟೆಟ್ರಾಸೈಕ್ಲಿನ್ ಗುಂಪು ಹಾಗಲ್ಲ, ಅದಕ್ಕೆ ಕ್ಯಾಲ್ಸಿಯಂ ಕಂಡ್ರೆ ಅಂಟ್ಕೊಳ್ಳೋ ಗುಣ. ನಾಲ್ಕನೇ ತಿಂಗಳಾದ್ಮೇಲೆ ಮಗುವಿನ ವಸಡಿನೊಳಗೆ ಹಾಲುಹಲ್ಲಿಗೆ ಕ್ಯಾಲ್ಸಿಯಂ ಕೂರ್ತಾ ಇರುತ್ತೆ, ಅದರ ಜೊತೆ ಇದೂ ಸೇರಿ ಕೂತ್ಬಿಡುತ್ತೆ, ಆಮೇಲೆ ಮಗೂಗೆ ಹಲ್ಲು ಬಂದಾಗ ಹಳದಿ ಕಂದು ಬಣ್ಣ, ಬ್ರಶ್ ಹಾಕಿ ಎಷ್ಟು ಉಜ್ಜಿದ್ರೂ ಹೋಗಲ್ಲ ಯಾಕಂದ್ರೆ ಅದು ಮೇಲಿನ ಕೊಳೆ ಅಲ್ಲ.

ಅದಕ್ಕೇ ವಾರ ಲೆಕ್ಕ ಹಾಕ್ಬೇಕು, ಕೊನೇ ಮುಟ್ಟಿನ ಮೊದಲ ದಿನದಿಂದ. ಅಂಗಾಂಗ ರೂಪುಗೊಳ್ಳೋದು ಹೆಚ್ಚುಕಮ್ಮಿ 5ರಿಂದ 10ನೇ ವಾರದಲ್ಲಿ, ಅದರಲ್ಲೂ ಮಿದುಳು ಬೆನ್ನುಹುರಿ ಆಗೋ ನರನಾಳ 6ನೇ ವಾರದ ಹೊತ್ತಿಗೆ ಮುಚ್ಚಬೇಕು. ಅದು ಸರಿಯಾಗಿ ಮುಚ್ಚಲಿ ಅಂತಾನೇ ಫೋಲಿಕ್ ಆಸಿಡ್ ಕೊಡೋದು, ಟ್ರೈಮೆಥೊಪ್ರಿಮ್ ಅನ್ನೋ ಆಂಟಿಬಯೋಟಿಕ್ ಹೋಗಿ ಆ ಫೋಲಿಕ್ ಆಸಿಡ್ ಕೆಲಸಕ್ಕೇ ಅಡ್ಡ ನಿಲ್ಲುತ್ತೆ, ಹಾಗಾಗಿ ಮೊದಲ ಮೂರು ತಿಂಗಳು ಬೇರೆ ದಾರಿ ಇದ್ರೆ ಅದನ್ನ ಬಿಡ್ತಾರೆ. ಹೆರಿಗೆ ಹತ್ರ ಬಂದಾಗ ಲಿಸ್ಟ್ ಬೇರೆ: ಸಲ್ಫಾ ಔಷಧಿಯಿಂದ ಹುಟ್ಟಿದ ಮಗೂಗೆ ಕಾಮಾಲೆ ಜೋರಾಗೋ ಭಯ, ನೈಟ್ರೊಫ್ಯುರಾಂಟೊಯಿನ್‌ನಿಂದ ಕೆಂಪು ರಕ್ತಕಣ ಒಡೆಯೋ ಭಯ, ಮನೇಲಿ ಯಾರಿಗಾದ್ರೂ ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಕಿಣ್ವ) ಕೊರತೆ ಇದ್ರೆ ಇದನ್ನ ಮೊದಲೇ ಹೇಳಿ. ಸ್ಟ್ರೆಪ್ಟೊಮೈಸಿನ್ ಮಾತ್ರ ಯಾವ ತಿಂಗಳಾದ್ರೂ ಬೇಡದ್ದೇ, ಮಗುವಿನ ಕಿವಿ ನರಕ್ಕೆ ಪೆಟ್ಟು. ಸಿಪ್ರೊಫ್ಲಾಕ್ಸಸಿನ್ ಥರದ್ದು ಎಳೆ ಪ್ರಾಣಿಗಳ ಕೀಲು ಕೆಡಿಸಿದ್ದು ಕಂಡಿದೆ, ಮನುಷ್ಯರಲ್ಲಿ ಹಾಗೆ ಸಾಬೀತಾಗಿಲ್ಲ, ಆದ್ರೂ ಮೊದಲ ಆಯ್ಕೆ ಮಾಡ್ಕೊಳ್ಳಲ್ಲ.

ಇನ್ನು ದಾಟದೇ ಇದ್ರೇನೇ ತೊಂದರೆ ಅನ್ನೋ ಕೇಸೂ ಇದೆ, ಇದನ್ನ ಯಾರೂ ಹೇಳಲ್ಲ. ತಾಯಿಗೆ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡೋ ಸೋಂಕು) ಇದ್ರೆ ಮಗೂಗೂ ಔಷಧಿ ಮುಟ್ಟಲೇಬೇಕು, ಅಜಿತ್ರೊಮೈಸಿನ್ ಸಾಕಷ್ಟು ದಾಟಲ್ಲ, ಅದನ್ನ ಕೊಟ್ರೆ ಮಗುವಿನ ಸೋಂಕು ಹಾಗೇ ಉಳಿಯುತ್ತೆ. ಅದಕ್ಕೇ ಪೆನಿಸಿಲಿನ್ನೇ ಬೇಕು, ಎಷ್ಟರ ಮಟ್ಟಿಗೆ ಅಂದ್ರೆ ತಾಯಿಗೆ ಪೆನಿಸಿಲಿನ್ ಅಲರ್ಜಿ ಇದ್ರೂ ಆಸ್ಪತ್ರೇಲಿ ಚೂರು ಚೂರಾಗಿ ಒಗ್ಗಿಸಿ ಅದನ್ನೇ ಕೊಡ್ತಾರೆ.

ಇಷ್ಟೆಲ್ಲಾ ಓದಿ ಭಯ ಬಿದ್ದು ಕೋರ್ಸ್ ಅರ್ಧಕ್ಕೆ ಬಿಡೋದು, ಅರ್ಧ ಮಾತ್ರೆ ಮುರಿದು ನುಂಗೋದು ಮಾಡ್ಬೇಡಿ. ಬಸುರಿಲಿ ಕಿಡ್ನಿ ರಕ್ತ ಸೋಸೋದು 50% ತನಕ ಜಾಸ್ತಿ ಆಗಿರುತ್ತೆ, ಅಮಾಕ್ಸಿಸಿಲಿನ್ ಥರದ್ದು ಬೇಗ ಹೊರಗೆ ಹೋಗುತ್ತೆ, ಅದರಲ್ಲೂ ಕಮ್ಮಿ ಮಾಡ್ಕೊಂಡ್ರೆ ಸೋಂಕಿಗೆ ಏನೂ ಆಗಲ್ಲ. ಮೂತ್ರದ ಸೋಂಕನ್ನ ವಾಸಿ ಮಾಡ್ದೆ ಹಾಗೇ ಬಿಟ್ರೆ ಕಿಡ್ನಿಗೆ ಏರುತ್ತೆ, ಅವಧಿಗೆ ಮುಂಚೆ ಹೆರಿಗೆ ಆಗೋ ಅಪಾಯನೂ ಇದೆ. ಡೌಟ್ ಇದ್ರೆ ಅವತ್ತೇ ಫೋನ್ ಮಾಡಿ ನಾನು ಇಷ್ಟನೇ ವಾರ, ಈ ಔಷಧಿ, ಇದಕ್ಕಿಂತ ಹಳೇದು ಸೇಫ್ ಇರೋದು ಯಾವ್ದಾದ್ರೂ ಆಗುತ್ತಾ, ಕಲ್ಚರ್ ಟೆಸ್ಟ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡೋ ಪರೀಕ್ಷೆ) ಮಾಡಿಸ್ಬೇಕಾ ಅಂತ ನೇರವಾಗಿ ಕೇಳಿ. ಮೊಡವೆಗೋ ಹಲ್ಲುನೋವಿಗೋ ಬೇರೆ ಡಾಕ್ಟ್ರ ಹತ್ರ ಹೋದಾಗ್ಲೂ ಬಸುರಿ ಅಂತ ಬಾಯಿಬಿಟ್ಟು ಹೇಳಿ, ಡಾಕ್ಸಿಸೈಕ್ಲಿನ್ ಮೊಡವೆಗೂ ಬರ್ದುಕೊಡ್ತಾರೆ.

ಪ್ರೆಗ್ನೆಂಟ್ ಅಂತ ಗೊತ್ತಾಗೋ ಮುಂಚೆನೇ ನುಂಗಿಬಿಟ್ಟಿದ್ರೆ? ಹೆಸರು, ಎಂಜಿ, ಶುರು ಮಾಡಿದ ತಾರೀಖು, ನಿಲ್ಲಿಸಿದ ತಾರೀಖು ಬರ್ದು ಡಾಕ್ಟ್ರಿಗೆ ಕೊಡಿ. 4ನೇ ವಾರದೊಳಗೆ ತಗೊಂಡಿದ್ರೆ ಸಾಮಾನ್ಯವಾಗಿ ಒಂದೋ ಗರ್ಭ ನಿಲ್ಲಲ್ಲ, ನಿಂತ್ರೆ ತೊಂದರೆ ಇಲ್ಲದೇ ಬೆಳೆಯುತ್ತೆ. ಅದಾದ್ಮೇಲೆ ತಗೊಂಡಿದ್ರೂ ಟೆನ್ಷನ್ ಮಾಡ್ಕೊಂಡು ನಿಮ್ಮಷ್ಟಕ್ಕೆ ನೀವೇ ಯಾವ ನಿರ್ಧಾರಕ್ಕೂ ಹೋಗ್ಬೇಡಿ, 18ರಿಂದ 22ನೇ ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ಸರಿ ಇದೆಯಾ ಅಂತ ನೋಡೋ ಸ್ಕ್ಯಾನ್) ದಿನ ಆ ಚೀಟಿ ಸ್ಕ್ಯಾನ್ ಮಾಡೋರಿಗೂ ತೋರಿಸಿ, ಎಲ್ಲಿ ಗಮನ ಕೊಟ್ಟು ನೋಡ್ಬೇಕು ಅಂತ ಅವರಿಗೆ ಗೊತ್ತಾಗುತ್ತೆ.