ರಜೆ ಮೊದಲು, ಕಡಲು ಆಮೇಲೆ

ಗಂಡ ಹೆಂಡತಿ ಇಬ್ಬರೂ ಸೇರಿ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾ ಕಲಿಯಬೇಕು, ಎಲ್ಲಿಗೆ ಹೋಗುವುದು ಅಂತ ಈಚೆಗೆ ಪರಿಚಯದವರು ಕೇಳುತ್ತಿರುತ್ತಾರೆ. ಕೇಳುವಾಗಲೇ ಮೊಬೈಲಿನಲ್ಲಿ ಮಾಲ್ಡೀವ್ಸ್ ಫೋಟೋ ತೆರೆದಿಟ್ಟಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ರಜೆ ಯಾವಾಗ?

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನಾನು ಕುಂಬಳೆ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಮೀಡಿಯಂ ಟೀಚರ್. ನಮ್ಮವರದ್ದು ಬದಿಯಡ್ಕದ ಕಡೆ ಅಡಿಕೆ ತೋಟ. ಶಾಲೆಗೆ ಏಪ್ರಿಲ್, ಮೇ ದೊಡ್ಡ ರಜೆ. ಓಣಂಗೆ ಒಂದು ಹತ್ತು ದಿನ, ಕ್ರಿಸ್‌ಮಸ್‌ಗೆ ಇನ್ನೊಂದು ಹತ್ತು ದಿನ. ತೋಟಕ್ಕೆ ಮಾತ್ರ ರಜೆ ಅಂತ ಇಲ್ಲ. ಡಿಸೆಂಬರಿನಲ್ಲಿ ಕೊಯ್ಲು, ಅಂಗಳ ಪೂರ್ತಿ ಅಡಿಕೆ. ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಮೈಲುತುತ್ತಿನ ಮದ್ದು ಬಿಡಲೇಬೇಕು, ತಪ್ಪಿದರೆ ಕೊಳೆರೋಗ. ಏಪ್ರಿಲಿನಲ್ಲಿ ನೀರು ಹಾಯಿಸುವ ಕೆಲಸ ಉಂಟು, ಆದರೆ ಸ್ಪ್ರಿಂಕ್ಲರ್ ತಿರುಗಿಸಲಿಕ್ಕೆ ಮೈದುನ ಇದ್ದಾನೆ. ಹಾಗಾಗಿ ಇಬ್ಬರಿಗೂ ಹೊಂದುವುದು ವಿಷು ಕಳೆದ ಮೇಲೆ ಮೇ ಮೊದಲ ವಾರದವರೆಗೆ. ಇಲ್ಲದಿದ್ದರೆ ಓಣಂ.

ಕಡಲಿಗೂ ಅದರದ್ದೇ ಕ್ಯಾಲೆಂಡರ್ ಉಂಟಲ್ಲ. ಓಣಂ ಬರುವ ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಪಡುವಣ ಕಡಲಿಗೆ ಇಳಿಯುವ ಮಾತೇ ಇಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಬಂದ್, ಲಕ್ಷದ್ವೀಪ ಬಂದ್, ಅಂಡಮಾನಿನಲ್ಲಿಯೂ ಮಳೆಗಾಲ. ಆ ತಿಂಗಳಲ್ಲಿ ಚೆನ್ನಾಗಿರುವುದು ಶ್ರೀಲಂಕಾದ ಮೂಡು ಕರಾವಳಿಯ ಟ್ರಿಂಕೋಮಲಿ, ಇಂಡೋನೇಷ್ಯಾದ ಬಾಲಿ, ಥಾಯ್ಲೆಂಡ್ ಕೊಲ್ಲಿಯ ಕೋ ತಾವೋ. ಅದೇ ಥಾಯ್ಲೆಂಡಿನ ಇನ್ನೊಂದು ಪಕ್ಕದ ಸಿಮಿಲನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಇಡುತ್ತಾರೆ. ದೇಶ ಒಂದೇ ಆದರೂ ಕಡಲು ಎರಡು. ಏಪ್ರಿಲಿನಲ್ಲಿ ಲೆಕ್ಕ ತಿರುಗುತ್ತದೆ. ಆಗ ಅಂಡಮಾನ್, ಲಕ್ಷದ್ವೀಪ ಎರಡೂ ಶಾಂತ. ಅಂಡಮಾನಿಗೆ ಮುಂಗಾರು ಕಾಲಿಡುವುದು ಹೆಚ್ಚುಕಡಿಮೆ ಮೇ ಮೂರನೇ ವಾರ. ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೂ ಮೇ ಇಷ್ಟ. ಅದಕ್ಕೇ ಏಪ್ರಿಲ್ ಕೊನೆ ಅಂತ ಗೆರೆ ಎಳೆದೆವು. ಇಷ್ಟು ಆಗುವಾಗ ಪಟ್ಟಿಯ ಅರ್ಧ ಹೆಸರು ತನ್ನಷ್ಟಕ್ಕೇ ಹೊಡೆದುಹೋಗಿತ್ತು.

ಎರಡನೇ ಪ್ರಶ್ನೆ, ಇಬ್ಬರಲ್ಲಿ ಯಾರಿಗೆ ಎಂತ ಆಗುವುದಿಲ್ಲ ಅಂತ. ಇದು ಮನೆಯಲ್ಲಿ ಕೂತು ಗೊತ್ತಾಗುವ ಸಂಗತಿಯಲ್ಲ. ದೊಡ್ಡ ದುಡ್ಡು ಹಾಕುವ ಮೊದಲು ಒಂದು ದಿನದ ಪರೀಕ್ಷೆ ಒಳ್ಳೆಯದು. ಕಾಸರಗೋಡಿನವರಿಗೆ ಅದಕ್ಕೆ ಹತ್ತಿರದ ಜಾಗ ನೇತ್ರಾಣಿ. ಮಂಗಳೂರಿನಿಂದ ರೈಲು ಹಿಡಿದರೆ ಮುರ್ಡೇಶ್ವರ, ಅಲ್ಲಿಂದ ಬೋಟು. ಗೋವಾದ ಗ್ರಾಂಡ್ ಐಲ್ಯಾಂಡ್, ಮಾಲ್ವಣದ ತಾರ್ಕರ್ಲಿ ಕೂಡ ಉಂಟು, ಆದರೆ ಅಲ್ಲಿ ದಡಕ್ಕೆ ಹತ್ತಿರ ಇರುವ ಕಾರಣ ನೀರು ಕಲಕಿರುವುದು ಜಾಸ್ತಿ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ಆಚೆ. ಚಳಿಗಾಲದಲ್ಲಿ ನೀರು ಅಲ್ಲಿ ಎಷ್ಟೋ ತಿಳಿ.

ನಾವಿಬ್ಬರೂ ಅಂದುಕೊಂಡಿದ್ದು, ನಮ್ಮವರು ಗಟ್ಟಿ, ನಾನು ಪುಕ್ಕಲು ಅಂತ. ಅವರು ಚಿಕ್ಕಂದಿನಿಂದ ತೋಟದ ಕೆರೆಯಲ್ಲಿ ಬಿದ್ದು ಬೆಳೆದವರು. ನಾನು ಹಳೇ ಟ್ಯೂಬ್ ಕಟ್ಟಿಕೊಂಡು ಈಜು ಕಲಿತದ್ದೇ ಮದುವೆಯಾದ ಮೇಲೆ. ಬೋಟು ದಡ ಬಿಟ್ಟು ಅರ್ಧ ಗಂಟೆ ಆಗಿರಲಿಕ್ಕಿಲ್ಲ, ಇವರ ಮುಖ ಬಿಳಿಚಿತು. ಬೆಳಿಗ್ಗೆ ತಿಂದ ಇಡ್ಲಿ ಸಾಂಬಾರ್ ಪೂರ್ತಿ ಅರಬ್ಬೀ ಸಮುದ್ರಕ್ಕೆ. ದ್ವೀಪ ಮುಟ್ಟುವಷ್ಟರಲ್ಲಿ ಕೆರೆಯ ಶೂರ ಬೋಟಿನ ಅಂಚಿಗೆ ಒರಗಿ ಕಣ್ಣು ಮುಚ್ಚಿದ್ದರು. "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೇನೆ" ಅಂದರು. ಆಮೇಲೆ ಅಲೆ ಸ್ವಲ್ಪ ಇಳಿದ ಮೇಲೆ ಅವರೂ ಇಳಿದರು ಅನ್ನಿ. ನೀರೊಳಗೆ ಹೋದ ಮೇಲೆ ವಾಂತಿಯೂ ಇಲ್ಲ, ತಲೆಸುತ್ತೂ ಇಲ್ಲ.

ನನ್ನ ತೊಂದರೆ ಬೇರೆ. ಎರಡು ಮೂರು ಮೀಟರ್ ಇಳಿಯುವಾಗಲೇ ಎಡಗಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ ಆಯಿತು. ಇನ್‌ಸ್ಟ್ರಕ್ಟರ್‌ಗೆ ಕಿವಿ ತೋರಿಸಿ ಅಂಗೈ ಅಲ್ಲಾಡಿಸಿದೆ. ಅವರು ಒಂದು ಮೀಟರ್ ಮೇಲೆ ಕರೆದುಕೊಂಡು ಹೋದರು. ಮೂಗು ಹಿಡಿದು, ಬಾಯಿಯ ಪೈಪ್ ಬಿಡದೆ, ಮೂಗಿಗೆ ಮೆಲ್ಲಗೆ ಗಾಳಿ ಒತ್ತಿದೆ. ಬಲಗಿವಿ ಟಕ್ ಅಂತ ಬಿಟ್ಟಿತು, ಎಡಗಿವಿ ಹಠ ಹಿಡಿಯಿತು. ತಲೆ ಬಲಕ್ಕೆ ಓರೆ ಮಾಡಿ ಇನ್ನೊಮ್ಮೆ ಒತ್ತಿದಾಗ ಸಣ್ಣಗೆ ಕಿರ್ ಎಂದು ನೋವು ಹೋಯಿತು. ಆಮೇಲೆ ಪ್ರತಿ ಒಂದು ಮೀಟರಿಗೂ ಹೀಗೇ ಮಾಡುತ್ತ ಇಳಿದದ್ದು. ನೋವು ಬರುವ ಮೊದಲೇ ಒತ್ತಬೇಕು, ಬಂದ ಮೇಲೆ ಜೋರು ಮಾಡಬಾರದು. ಮೊದಲ ಹತ್ತು ಮೀಟರಿನಲ್ಲೇ ಒತ್ತಡ ಎರಡು ಪಟ್ಟು ಆಗುವ ಕಾರಣ ಕಿವಿಗೆ ಜಾಸ್ತಿ ಕಷ್ಟ ಅಲ್ಲೇ.

ಹೀಗೆ ನಮಗೆ ಬೇಕಾದ ಜಾಗದ ಚಿತ್ರ ಸಿಕ್ಕಿತು. ಬೋಟಿನಲ್ಲಿ ತುಂಬಾ ಹೊತ್ತು ಕೂರಬಾರದು. ದಡದಿಂದ ನಡೆದುಕೊಂಡೇ ನೀರಿಗೆ ಇಳಿದು ನಿಧಾನಕ್ಕೆ ಆಳಕ್ಕೆ ಹೋಗುವ ಹಾಗಿರಬೇಕು. ಸೆಳೆತ ಕಡಿಮೆ ಇರಬೇಕು. ಮತ್ತೆ, ನಾವು ಸಸ್ಯಾಹಾರಿಗಳು, ಊಟಕ್ಕೆ ಪರದಾಡಬಾರದು. ಅತ್ತೆ ಅಂತೂ "ತಿನ್ನದ ಮೀನು ನೋಡ್ಲಿಕ್ಕೆ ಇಷ್ಟು ದುಡ್ಡು ಎಂತಕ್ಕೆ ಮಾರಾಯ್ತಿ?" ಅಂತ ಕೇಳಿಯೇ ಕೇಳಿದರು. ಉತ್ತರ ಕೊಡಲಿಲ್ಲ.

ಮಾಲ್ಡೀವ್ಸ್ ಬಿಟ್ಟದ್ದು ಸೆಳೆತದ ಕಾರಣಕ್ಕೆ. ಭಾರತದವರಿಗೆ ಅಲ್ಲಿ ಇಳಿದ ಮೇಲೆಯೇ ಉಚಿತ ವೀಸಾ, ದುಬಾರಿ ರೆಸಾರ್ಟ್ ಬೇಡದವರಿಗೆ ಮಾಫುಶಿ, ಧಿಗುರಾದಂಥ ಊರ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಉಂಟು. ಧಿಗುರಾ ಕಡೆ ವರ್ಷವಿಡೀ ತಿಮಿಂಗಿಲ ಶಾರ್ಕ್ ಕಾಣಿಸುತ್ತದೆ. ಆದರೆ ಮಾಲ್ಡೀವ್ಸಿನ ಒಳ್ಳೆಯ ಡೈವ್‌ಗಳು ಹೆಚ್ಚಾಗಿ ಹವಳದ ದಿಬ್ಬಗಳ ನಡುವಿನ ಕಾಲುವೆಗಳಲ್ಲಿ. ಅಲ್ಲಿ ನೀರು ಹೊಳೆಯ ಹಾಗೆ ಹರಿಯುತ್ತದೆ. ಮೀನು ದೊಡ್ಡದು ಬರುವುದೂ ಆ ಸೆಳೆತಕ್ಕೇ. ಕಲಿತು ಕೈಪಳಗಿದವರಿಗೆ ಅದು ಸ್ವರ್ಗ, ಹೊಸಬರಿಗೆ ಅರ್ಧ ಖುಷಿ. ಇನ್ನೊಂದು ವಿಷಯ ಸುಮಾರು ಜನರಿಗೆ ಗೊತ್ತಿಲ್ಲ. ಮಾಂಟಾ ಮೀನುಗಳ ಜಾತ್ರೆ ಸೇರುವ ಹನಿಫಾರು ಕೊಲ್ಲಿಯಲ್ಲಿ ಸ್ಕೂಬಾಕ್ಕೆ ಬಿಡುವುದೇ ಇಲ್ಲ, ನೀರಿನ ಮೇಲೆ ತೇಲುತ್ತ ಕೊಳವೆಯಲ್ಲಿ ಉಸಿರಾಡುವ ಸ್ನಾರ್ಕೆಲ್ ಮಾತ್ರ. ಅದನ್ನು ನೋಡಲಿಕ್ಕೆಂದೇ ಕೋರ್ಸಿಗೆ ದುಡ್ಡು ಹಾಕುವ ಅಗತ್ಯ ಇಲ್ಲ ಅಲ್ವಾ?

ಲಕ್ಷದ್ವೀಪ ಬಿಡಲಿಕ್ಕೆ ಮಾತ್ರ ಮನಸ್ಸು ಬರಲಿಲ್ಲ. ನಮಗೂ ಅದಕ್ಕೂ ಹಳೇ ನಂಟು. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಾಸರಗೋಡೂ ಆಗ ಅದೇ ಜಿಲ್ಲೆಯ ತಾಲೂಕು. ಆ ವರ್ಷ ನವೆಂಬರ್ 1ಕ್ಕೆ ಅವು ಕೇಂದ್ರಾಡಳಿತಕ್ಕೆ ಹೋದವು, ನಾವು ಕೇರಳಕ್ಕೆ ಬಂದೆವು. ಮಿನಿಕಾಯ್ ಒಂದು ಬಿಟ್ಟರೆ ಅಲ್ಲಿ ಮಾತಾಡುವುದು ಮಲಯಾಳದ್ದೇ ಒಂದು ಬಗೆ, ನಮಗೇನೂ ಕಷ್ಟವಿಲ್ಲ. ಹವಳದ ದಿಬ್ಬದ ಒಳಗಿನ ಲಗೂನಿನ ನೀರು ಆಳ ಕಡಿಮೆ, ಕಲಿಯುವವರಿಗೆ ಚಂದ. ಅಡ್ಡ ಬಂದದ್ದು ಪರ್ಮಿಟ್. ಪೊಲೀಸ್ ಕ್ಲಿಯರೆನ್ಸ್, ಎಂಟ್ರಿ ಪರ್ಮಿಟ್, ಕೊಚ್ಚಿಯಿಂದ ಅಗತ್ತಿಗೆ ಸಣ್ಣ ವಿಮಾನ ಅಥವಾ ಹಡಗು. ಎಲ್ಲ ಒಂದೇ ಸಾಲಿನಲ್ಲಿ ಕೂಡಿ ಬರಬೇಕು. ತಾರೀಕು ಹಿಂದೆ ಮುಂದೆ ಆದರೆ ಪರವಾಗಿಲ್ಲ ಅನ್ನುವವರಿಗೆ ಸರಿ. ನಮ್ಮದು ಮೈಲುತುತ್ತಿನ ಗಡುವು ಇರುವ ಮನೆ.

ಉಳಿದದ್ದು ಅಂಡಮಾನಿನ ಹ್ಯಾವ್‌ಲಾಕ್. 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಾಯಿತು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ, ಆದರೆ ಡೈವ್ ಮಾಡಿಸುವವರೆಲ್ಲ ಹಳೇ ಹೆಸರನ್ನೇ ಹೇಳುತ್ತಾರೆ. ಭಾರತದವರಿಗೆ ಪಾಸ್‌ಪೋರ್ಟ್ ಬೇಡ, ಪರ್ಮಿಟ್ ಬೇಡ. ಮಂಗಳೂರಿನಿಂದ ಬೆಂಗಳೂರು ಅಥವಾ ಚೆನ್ನೈ, ಅಲ್ಲಿಂದ ಪೋರ್ಟ್ ಬ್ಲೇರ್, ಮತ್ತೆ ಫೆರಿ. ಆ ಫೆರಿ ದೊಡ್ಡದು, ಕುಲುಕುವುದು ಕಡಿಮೆ. ಆದರೂ ಇವರಿಗೆ ಹೊರಡುವ ಮೊದಲೇ ಮಾತ್ರೆ ನುಂಗಿಸಿದೆ. ವಾಂತಿ ಶುರುವಾದ ಮೇಲೆ ಆ ಮಾತ್ರೆ ಉಪಯೋಗಕ್ಕಿಲ್ಲ. ಹ್ಯಾವ್‌ಲಾಕಿನಲ್ಲಿ ನೀಮೋ ರೀಫ್ ಅಂತ ಒಂದು ಜಾಗ ಉಂಟು, ದಡದಿಂದಲೇ ಇಳಿದು ಹೋಗಬಹುದು. ಕಲಿಯುವವರನ್ನು ಮೊದಲು ಕರೆದುಕೊಂಡು ಹೋಗುವುದೇ ಅಲ್ಲಿಗೆ. ನಮಗೆ ಹೇಳಿ ಮಾಡಿಸಿದ ಹಾಗಿತ್ತು.

ಡೈವ್ ಸೆಂಟರ್ ಆರಿಸುವಾಗ ದರ ಕೊನೆಗೆ ಕೇಳಿದ್ದು. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಅಂತ ಮೊದಲು ಕೇಳಿದೆವು. ಡೈವಿಂಗ್ ತರಬೇತಿಯ ಸಂಸ್ಥೆ ಪಾಡಿಯ ನಿಯಮದಲ್ಲಿ ಹೊಸಬರ ಓಪನ್ ವಾಟರ್ ಕೋರ್ಸಿಗೆ 8 ಜನರವರೆಗೂ ಬಿಡುತ್ತಾರೆ, ನಮಗೆ ನಾಲ್ಕಕ್ಕಿಂತ ಜಾಸ್ತಿ ಬೇಡ ಅಂದೆವು. ಬೋಟಿನಲ್ಲಿ ಆಕ್ಸಿಜನ್ ಇರುತ್ತದಾ, ಏನಾದರೂ ಆದರೆ ಡೈವರ್‌ಗಳಿಗೆ ಚಿಕಿತ್ಸೆ ಕೊಡುವ ಪ್ರೆಶರ್ ಚೇಂಬರ್ ಎಲ್ಲಿ, ಅಲ್ಲಿಗೆ ಹೋಗಲಿಕ್ಕೆ ಎಷ್ಟು ಹೊತ್ತು ಅಂತಲೂ ಕೇಳಿದೆವು. ಒಂದು ಸೆಂಟರಿನವರು ಚೇಂಬರ್ ಅಂದ ಕೂಡಲೇ "ಅದೆಲ್ಲ ಬೇಡ ಮೇಡಂ, ಎಂಜಾಯ್ ಮಾಡಿ" ಅಂದರು. ಫೋನಿಟ್ಟೆ. ಇನ್ನೊಬ್ಬರು ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಹೇಳಿ, ಮೆಡಿಕಲ್ ಫಾರಂ ಮೊದಲೇ ಕಳಿಸಿದರು. ಅಲ್ಲಿಗೇ ಹೋದೆವು. ಕೋರ್ಸಿಗೆ ತಲಾ 30 ಸಾವಿರದ ಆಸುಪಾಸು ಆಯಿತು.

ಆ ಫಾರಂ ಬಗ್ಗೆ ಹೇಳಲೇಬೇಕು. ಅಸ್ತಮಾ, ಹೃದಯ, ಕಿವಿ, ಸೈನಸ್, ಗರ್ಭಿಣಿಯಾ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಕೆಲವಕ್ಕೆ ಹೌದು ಅಂದರೆ ಡಾಕ್ಟರ ಸಹಿ ಬೇಕು. ನಮ್ಮವರಿಗೆ ಅಡಿಕೆ ಧೂಳಿನ ಸೈನಸ್ ತೊಂದರೆ. ಸುಮ್ನೆ ಎಲ್ಲದಕ್ಕೂ ಇಲ್ಲ ಅಂತ ಬರೆಯುವವರು ಎಷ್ಟೋ ಜನ. ನಾವು ಮಂಗಳೂರಿನ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿಕೊಂಡೆವು. ಇದನ್ನು ಊರಲ್ಲೇ ಮುಗಿಸಬೇಕು. ದ್ವೀಪಕ್ಕೆ ಹೋದ ಮೇಲೆ ಸಹಿಗೆ ಅಲೆದರೆ ಒಂದು ದಿನ ಹೋದ ಹಾಗೆ. ಇನ್ಶೂರೆನ್ಸ್ ಪಾಲಿಸಿಯೂ ಓದಿ ನೋಡಿ. ನಮ್ಮ ಮಾಮೂಲಿ ಪಾಲಿಸಿಯಲ್ಲಿ ಸ್ಕೂಬಾ ಸೇರಿರಲಿಲ್ಲ, ಡೈವರ್‌ಗಳಿಗೆಂದೇ ಇರುವುದನ್ನು ಬೇರೆ ಮಾಡಿಸಿದೆವು.

ಕೋರ್ಸಿನಲ್ಲಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈಜಿಗೆ ಟೈಮ್ ಲೆಕ್ಕ ಇಲ್ಲ, ನಿಧಾನಕ್ಕೆ ಆದರೂ ಸಾಕು. ನನ್ನದು ನಿಧಾನವೇ. ಕಷ್ಟಪಟ್ಟದ್ದು ಮತ್ತೆ ನಮ್ಮವರೇ! ಕೆರೆಯಲ್ಲಿ ಮುಳುಗುವವರಿಗೆ ಉಸಿರು ಬಿಗಿಹಿಡಿಯುವುದು ಅಭ್ಯಾಸ. ಸ್ಕೂಬಾದಲ್ಲಿ ಮೊದಲ ಪಾಠವೇ ಉಸಿರು ಹಿಡಿಯಬೇಡಿ ಅಂತ. ಆಳದಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ. ಬಾಯಿ ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೆ ಪೆಟ್ಟು. ಇಷ್ಟು ವರ್ಷದ ಅಭ್ಯಾಸ ಬಿಡಲಿಕ್ಕೆ ಅವರಿಗೆ ಹೊತ್ತು ಹಿಡಿಯಿತು. ನನಗೆ ಬಿಡಲಿಕ್ಕೆ ಅಭ್ಯಾಸವೇ ಇರಲಿಲ್ಲ.

ಜೋಡಿಯಾಗಿ ಹೋಗುವವರಿಗೆ ಒಂದು ಮಾತು. ಕಲಿಯುವಾಗ ಗಂಡ ಹೆಂಡತಿ ಒಬ್ಬರಿಗೊಬ್ಬರು ಪಾಠ ಮಾಡಬಾರದು. ನೀರೊಳಗೆ ಇವರು ನನ್ನ ಕಡೆ ಕೈಸನ್ನೆ ಮಾಡುತ್ತ ಮಾಸ್ಕ್ ಸರಿ ಮಾಡಲಿಕ್ಕೆ ಬಂದಾಗ, ಇನ್‌ಸ್ಟ್ರಕ್ಟರ್ ಅವರ ಕೈ ಮೆಲ್ಲಗೆ ಸರಿಸಿ ನಡುವೆ ಬಂದು ನಿಂತರು. ಮೇಲೆ ಬಂದು "ಸರ್, ನಿಮ್ಮ ಗಾಳಿಯ ಗೇಜ್ ನೀವು ನೋಡಿ" ಅಂದರು. ಅಲ್ಲಿಂದ ಮುಂದೆ ಸಂಸಾರ ಸುಸೂತ್ರ.

ನೀಮೋ ರೀಫಿನಲ್ಲಿ ಕಂಡದ್ದಕ್ಕಿಂತ ಕೇಳಿಸಿದ್ದು ನೆನಪಿದೆ. ನೀರೊಳಗೆ ಮೌನ ಇರುತ್ತದೆ ಅಂದುಕೊಂಡಿದ್ದೆ. ನಮ್ಮ ಗುಳ್ಳೆಗಳ ಗುಳುಗುಳು ಒಂದು ಕಡೆ. ಅದರ ನಡುವೆ ಯಾರೋ ಹುರಿಗಡಲೆ ಜಗಿದ ಹಾಗೆ ಕರಕರ ಸದ್ದು. ನೋಡಿದರೆ ಹಸಿರು ನೀಲಿ ಪ್ಯಾರಟ್ ಫಿಶ್ ಒಂದು ಹವಳದ ಕಲ್ಲಿಗೆ ಬಾಯಿ ಹಾಕಿ ಕೆರೆಯುತ್ತಿತ್ತು. ಮೇಲಿನ ಪಾಚಿಯನ್ನು ಕಲ್ಲು ಸಮೇತ ಜಗಿದು, ಆ ಕಲ್ಲನ್ನು ಬಿಳಿ ಮರಳು ಮಾಡಿ ಹಿಂದಿನಿಂದ ಬಿಡುತ್ತದೆ. ಬಿಡುವುದನ್ನೂ ನೋಡಿದೆವು! ಎಲ್ಲ ಹವಳವೂ ಬಣ್ಣ ಬಣ್ಣ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ. ನೀರು ಬಿಸಿಯಾಗಿ ಹವಳ ಬಿಳಿಚುವುದು 1998, 2010, 2016ರಲ್ಲಿ ಹಿಂದೂ ಮಹಾಸಾಗರದ ಉದ್ದಕ್ಕೂ ಆಗಿದೆ, 2024ರಲ್ಲಿ ಲಕ್ಷದ್ವೀಪಕ್ಕೂ ಜೋರಾಗಿ ತಗಲಿತು. ಸತ್ತು ಬೂದು ಬಣ್ಣಕ್ಕೆ ತಿರುಗಿದ ಜಾಗಗಳು ನಮಗೂ ಕಂಡವು.

ವಾಪಸ್ ಟಿಕೆಟ್ ಮಾಡುವಾಗ ಒಂದು ದಿನ ಖಾಲಿ ಬಿಡಬೇಕು. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲಿಕ್ಕೆ ಕನಿಷ್ಠ 18 ಗಂಟೆ ಅಂತರ ಬೇಕು, ಮೈಯಲ್ಲಿ ಕರಗಿದ ನೈಟ್ರೋಜನ್ ಹೋಗಲಿಕ್ಕೆ. ನಾವು ಆ ದಿನ ಪೋರ್ಟ್ ಬ್ಲೇರಿನ ಸೆಲ್ಯುಲಾರ್ ಜೈಲ್ ನೋಡಿದೆವು.

ಈಗ ಇಬ್ಬರಿಗೂ 18 ಮೀಟರ್ ಇಳಿಯುವ ಕಾರ್ಡ್ ಉಂಟು. ಮುಂದಿನ ಓಣಂಗೆ ಬಾಲಿಯ ತುಲಾಂಬೆನ್ ನೋಡುತ್ತಿದ್ದೇವೆ. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಲಿಬರ್ಟಿ ಹಡಗನ್ನು ಅಲ್ಲಿನ ದಡಕ್ಕೆ ಎಳೆದು ತಂದಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ನೀರಿಗೆ ಬಿತ್ತು. ದಡದಿಂದ ನಡೆದೇ ಇಳಿಯಬಹುದು, ಬೋಟು ಬೇಡ. ನಮ್ಮವರು ಈಗಲೇ ಒಪ್ಪಿದ್ದಾರೆ. ಬಾಲಿಯ ಪಕ್ಕದ ದ್ವೀಪ ನುಸಾ ಪೆನಿಡಾದ ಮೋಲಾ ಮೀನಿಗೂ ಅದೇ ಸೀಸನ್, ಆದರೆ ಅಲ್ಲಿ ನೀರು ತಣ್ಣಗೆ, ಸೆಳೆತ ಜೋರು, ಬೋಟು ಬೇರೆ. ಅದರ ಹೆಸರು ಮನೆಯಲ್ಲಿ ಇನ್ನೂ ಎತ್ತಿಲ್ಲ.