ಕನ್ನಡ ಇ-ಪುಸ್ತಕ ಓದಲು ಮೊಬೈಲೋ, ಇ-ರೀಡರೋ?

ಮೂಡಿಗೆರೆ ಕಡೆ ಮುಂಗಾರು ಬಿರುಸಾಗಿ ಹಿಡಿದರೆ, ಹೋದ ಕರೆಂಟು ಎರಡು ದಿನ ಬಾರದಿರುವುದುಂಟು. ಮೊಬೈಲಿನ ಬ್ಯಾಟರಿಯನ್ನು ಫೋನ್ ಕರೆಗೆಂದು ಉಳಿಸಿಕೊಳ್ಳಬೇಕಾದ ಅಂಥ ದಿನಗಳಲ್ಲಿ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವ ಇ-ರೀಡರ್ (ಪುಸ್ತಕ ಓದಲೆಂದೇ ಮಾಡಿದ ಸಾಧನ) ದೊಡ್ಡ ಆಸರೆ. ಆದರೂ ಅದನ್ನು ಕೊಳ್ಳಲು ಹೊರಟವರಿಗೆ ನಾನು ಮೊದಲು ಕೇಳುವುದು, ಅವರು ಓದಬೇಕೆಂದಿರುವ ಕನ್ನಡ ಪುಸ್ತಕಗಳು ಯಾವ ರೂಪದಲ್ಲಿವೆ ಎಂಬುದನ್ನು.

ಆ್ಯಪ್ ಮೂಲಕ ಮಾರಾಟವಾಗುವ ಪುಸ್ತಕಗಳು ಸಾಮಾನ್ಯವಾಗಿ ಆ ಆ್ಯಪಿನೊಳಗೇ ತೆರೆದುಕೊಳ್ಳುತ್ತವೆ. ಅವುಗಳಿಗೆ ಮೊಬೈಲ್ ಅಥವಾ ಟ್ಯಾಬ್ ಸಾಕು. ಇ-ರೀಡರೇ ಬೇಕೆಂದರೆ, ಇಂಥ ಆ್ಯಪ್ ಹಾಕಿಕೊಳ್ಳಲು ಬರುವ, ಆಂಡ್ರಾಯ್ಡ್ ಇರುವುದನ್ನೇ ಆರಿಸಿಕೊಳ್ಳಬೇಕು.

ಇ-ಪಬ್ ಎಂಬ ಇ-ಪುಸ್ತಕ ಕಡತವಾದರೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು, ಸಾಲುಗಳು ಪರದೆಗೆ ತಕ್ಕಂತೆ ತಾವೇ ಮುರಿದುಕೊಳ್ಳುತ್ತವೆ. ಇಲ್ಲಿ ಎಡವುವುದು ಒತ್ತಕ್ಷರಗಳಲ್ಲಿ. ಹಣ ಕೊಡುವ ಮೊದಲು ‘ಸ್ತ್ರೀ’, ‘ರಾಷ್ಟ್ರ’, ‘ಕಾರ್ಯ’ ಈ ಮೂರು ಪದಗಳಿರುವ ಒಂದು ಪುಟವನ್ನು ಅದೇ ಸಾಧನದಲ್ಲಿ ತೆರೆದು ನೋಡಿ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸರಿದಿದ್ದರೆ ಅಥವಾ ಅರ್ಕಾವತ್ತು ತನ್ನ ಜಾಗ ಬಿಟ್ಟಿದ್ದರೆ, ಆ ಸಾಧನದ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲವೆಂದೇ ಅರ್ಥ. ಹೊಸ ಫಾಂಟ್ ಹಾಕಿದರೂ ಅದು ಸರಿಹೋಗದು. ಜೋಡಣೆ ಸರಿಯಿದ್ದು ಅಕ್ಷರದ ರೂಪ ಮಾತ್ರ ಹಿಡಿಸದಿದ್ದರೆ, ಕಿಂಡಲ್, ಕೋಬೋ ಎಂಬ ಇ-ರೀಡರುಗಳನ್ನು ಕಂಪ್ಯೂಟರಿಗೆ ಜೋಡಿಸಿ, ‘ಫಾಂಟ್ಸ್’ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡದಂಥ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಫಾಂಟನ್ನು ನಕಲಿಸಿಕೊಳ್ಳಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಕಡತವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ.

ಹೆಚ್ಚು ತಾಳ್ಮೆ ಬೇಡುವುದು ಸ್ಕ್ಯಾನ್ ಮಾಡಿದ ಪಿಡಿಎಫ್. ನಮ್ಮ ಹಳೆಯ ಪುಸ್ತಕಗಳಲ್ಲಿ ಬಹಳಷ್ಟು ಸಿಗುವುದು ಈ ರೂಪದಲ್ಲೇ. ಡೆಮಿ 1/8 ಅಳತೆಯ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದವಿರುತ್ತದೆ. ಅದನ್ನು 6 ಇಂಚಿನ (ಇದು ಪರದೆಯ ಮೂಲೆಯಿಂದ ಮೂಲೆಗೆ ಅಳೆದದ್ದು) ಇ-ರೀಡರಿನಲ್ಲಿ ಇಡಿಯಾಗಿ ತೋರಿಸಿದರೆ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿ, ಒತ್ತುಗಳು ಚುಕ್ಕೆಗಳಾಗಿಬಿಡುತ್ತವೆ. ಅಂಚುಗಳನ್ನು ಕತ್ತರಿಸಿ, ಸಾಧನವನ್ನು ಅಡ್ಡಲಾಗಿ ತಿರುಗಿಸಿ ನೋಡಿ: ಬರಹದ ಅಗಲ 4.25 ಇಂಚಿನಷ್ಟಿದ್ದರೆ, ಅಡ್ಡ ಹಿಡಿದ ಪರದೆಯ ಅಗಲ 4.8 ಇಂಚು ಇರುವುದರಿಂದ ಅಕ್ಷರ ಮುದ್ರಿತ ಪುಸ್ತಕಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ. ಒಂದೊಂದು ಪುಟವನ್ನು ಎರಡು ಮೂರು ಕಂತಿನಲ್ಲಿ ಓದಬೇಕಾಗುತ್ತದೆ, ಅಷ್ಟೇ. ಮೊಬೈಲನ್ನು ನೆಟ್ಟಗೆ ಹಿಡಿದರೆ ಅಗಲ 3 ಇಂಚೂ ಇರುವುದಿಲ್ಲ. ಅಡ್ಡ ಹಿಡಿದರೆ ಅಕ್ಷರ ದೊಡ್ಡದಾದರೂ ಕೆಲವೇ ಸಾಲು ಸಿಗುತ್ತವೆ. ಇಂಥ ಪಿಡಿಎಫ್‌ಗಳನ್ನೇ ಓದುವವರಿಗೆ 10 ಇಂಚಿನ ಟ್ಯಾಬ್ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಬಿಸಿಲಿನಲ್ಲಿ ಓದುವವರಿಗೆ ಮಾತ್ರ ಇ-ರೀಡರಿಗೆ ಸಾಟಿಯಿಲ್ಲ. ಅದರ ಪರದೆಯೊಳಗೆ ಕಪ್ಪು ಬಿಳುಪು ಬಣ್ಣದ ಅತಿಸೂಕ್ಷ್ಮ ಪುಡಿ ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತದೆ; ಮೂಡಿದ ಅಕ್ಷರ ಹಾಗೇ ನಿಲ್ಲಲು ವಿದ್ಯುತ್ತು ಬೇಕಿಲ್ಲ, ಕಾಣಲು ಹೊರಗಿನ ಬೆಳಕೇ ಸಾಕು. ಜನವರಿಯಲ್ಲಿ ಕಾಫಿ ಒಣಹಾಕಿದ ಕಣದ ಬದಿಯಲ್ಲಿ ಮೊಬೈಲಿನ ಗಾಜು ಮುಖವನ್ನೇ ತೋರಿಸುವಾಗ, ಇದು ಅಚ್ಚಿನ ಹಾಳೆಯಂತೆ ತಿಳಿಯಾಗಿ ಕಾಣುತ್ತದೆ.

ಯಾವುದನ್ನು ಕೊಂಡರೂ, ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದವರು ಚಿಕ್ಕಮಗಳೂರಿಗೆ ಹೋದಾಗಲೇ ಪುಸ್ತಕಗಳನ್ನು ಇಳಿಸಿಕೊಂಡು, ಇಂಟರ್ನೆಟ್ ಬಂದ್ ಮಾಡಿ, ಒಂದೊಂದನ್ನೂ ತೆರೆದು ನೋಡಿಯೇ ಬಸ್ಸು ಹತ್ತಬೇಕು.