ಸಬ್‌ವರ್ಶನ್‌ನಿಂದ ಗಿಟ್‌ಗೆ: ಹೆಣೆದುಕೊಂಡ ರೆಪೊಗಳನ್ನು ಬಿಡಿಸಿದ ಅನುಭವ

ಸಬ್‌ವರ್ಶನ್ ಮತ್ತು ಗಿಟ್ ಎರಡೂ ಕೋಡ್‌ನ ಬದಲಾವಣೆಗಳ ದಾಖಲೆ (ಹಿಸ್ಟರಿ) ಇಡುವ ತಂತ್ರಾಂಶಗಳು, ಆ ದಾಖಲೆಯ ಭಂಡಾರವೇ ರೆಪೊ. ಒಂಟಿ ರೆಪೊವನ್ನು ಸಬ್‌ವರ್ಶನ್‌ನಿಂದ ಗಿಟ್‌ಗೆ ತರುವುದು ಕಷ್ಟವಲ್ಲ. ಹಲವು ರೆಪೊಗಳು ಎಕ್ಸ್‌ಟರ್ನಲ್ಸ್ (ಬೇರೆಡೆಯ ಫೋಲ್ಡರನ್ನು ತಂದುಕೊಳ್ಳುವ ಸಬ್‌ವರ್ಶನ್ ಕೊಂಡಿ) ಮೂಲಕ ಒಂದನ್ನೊಂದು ಎಳೆದುಕೊಳ್ಳುತ್ತಿದ್ದರೆ ನಿಜವಾದ ಕೆಲಸವಿರುವುದು ಆ ಕೊಂಡಿಗಳಲ್ಲಿ. ಹಾಗಾಗಿ ಹಿಸ್ಟರಿಗೆ ಕೈಹಾಕುವ ಮೊದಲೇ ಟ್ರಂಕ್ (ಮುಖ್ಯ ಕವಲು), ಬ್ರಾಂಚ್ (ಪಕ್ಕದ ಕವಲು), ಟ್ಯಾಗ್ (ಹೆಸರಿಟ್ಟು ಉಳಿಸಿದ ಆವೃತ್ತಿ) ಎಲ್ಲದರ ಎಕ್ಸ್‌ಟರ್ನಲ್ಸ್ ಪ್ರಾಪರ್ಟಿಗಳನ್ನು ಹೊರತೆಗೆದು, ಯಾವುದು ಯಾವುದನ್ನು ನೆಚ್ಚಿದೆ ಎಂಬ ನಕ್ಷೆ ಬರೆದುಕೊಂಡೆವು.

ಕೆಲಸದ ಕ್ರಮ ಆ ನಕ್ಷೆಯಲ್ಲೇ ಇದೆ. ಎಕ್ಸ್‌ಟರ್ನಲ್ಸ್‌ಗೆ ಬದಲಾಗಿ ಬಳಸುವ ಗಿಟ್ ಸಬ್‌ಮಾಡ್ಯೂಲ್ (ರೆಪೊದೊಳಗೆ ಸೇರಿಸಿದ ಇನ್ನೊಂದು ರೆಪೊ) ದಾಖಲಿಸುವುದು ಕಮಿಟ್‌ನ (ಉಳಿಸಿದ ಒಂದು ಬದಲಾವಣೆಯ) ಹ್ಯಾಶನ್ನು, ಅಂದರೆ ಅದರ ಒಳಹೂರಣದಿಂದ ಲೆಕ್ಕಹಾಕಿದ ಗುರುತನ್ನು. ಆದ್ದರಿಂದ ಬೇರೇನನ್ನೂ ನೆಚ್ಚದ ಲೈಬ್ರರಿಗಳು ಮೊದಲು ಮುಗಿಯಬೇಕು. ದೊಡ್ಡ ಬೈನರಿಗಳನ್ನು ಹಿಸ್ಟರಿಯನ್ನೇ ತಿದ್ದಿ ಬರೆಯುವ ಗಿಟ್ ಫಿಲ್ಟರ್-ರೆಪೊದಿಂದ ಕಿತ್ತುಹಾಕುವುದೂ ಆಗಲೇ ಆಗಬೇಕು. ತಡವಾದರೆ ಹ್ಯಾಶ್‌ಗಳು ಬದಲಾಗಿ, ಮೇಲಿನ ರೆಪೊಗಳು ಇಲ್ಲದ ಕಮಿಟ್ ಹುಡುಕುತ್ತವೆ. ಒಂದು ಉಪಫೋಲ್ಡರನ್ನಷ್ಟೇ ತರುವ ಎಕ್ಸ್‌ಟರ್ನಲ್‌ಗೆ ಸಬ್‌ಮಾಡ್ಯೂಲ್ ಬದಲಿಯಾಗದು, ಅದು ಇಡೀ ರೆಪೊವನ್ನೇ ತರುತ್ತದೆ. ಅಂಥ ಫೋಲ್ಡರುಗಳನ್ನು ಬೇರೆ ರೆಪೊ ಮಾಡಿದೆವು.

ಹೆಚ್ಚು ಸಮಯ ಕೊಡಬೇಕಾದದ್ದು ಹಳೆಯ ಟ್ಯಾಗ್‌ಗಳಿಗೆ. ಎಕ್ಸ್‌ಟರ್ನಲ್‌ನಲ್ಲಿ ರಿವಿಜನ್ (ಸಬ್‌ವರ್ಶನ್ ಪ್ರತಿ ಕಮಿಟ್‌ಗೆ ಕೊಡುವ ಸಂಖ್ಯೆ) ನಮೂದಿಸದಿದ್ದರೆ, ವರ್ಷಗಳ ಹಿಂದಿನ ಟ್ಯಾಗನ್ನು ಚೆಕ್‌ಔಟ್ ಮಾಡಿದರೂ ಲೈಬ್ರರಿ ಮಾತ್ರ ಇಂದಿನದೇ ಬರುತ್ತದೆ. ಪ್ರತಿ ರೆಪೊದ ರಿವಿಜನ್ ಸಂಖ್ಯೆ ಬೇರೆಯಾದ್ದರಿಂದ ಹೊಂದಿಸಲು ಸಿಗುವ ಆಧಾರ ಸಮಯವೊಂದೇ. ಟ್ಯಾಗ್ ಆದ ಕ್ಷಣವನ್ನು ಎಕ್ಸ್‌ಎಮ್‌ಎಲ್ ಲಾಗ್‌ನಿಂದ ತೆಗೆದು, ಆ ಹೊತ್ತಿಗೆ ಲೈಬ್ರರಿಯ ಯಾವ ರಿವಿಜನ್ ಇತ್ತೆಂದು ಕೇಳಬೇಕು. ದಿನಾಂಕವೊಂದನ್ನೇ ಕೊಟ್ಟರೆ ಸಬ್‌ವರ್ಶನ್ ಅದನ್ನು ಆ ದಿನದ 00:00 ಗಂಟೆ ಎಂದು ಓದುತ್ತದೆ, ಆ ದಿನದ ಕಮಿಟ್‌ಗಳು ತಪ್ಪಿಹೋಗುತ್ತವೆ. ಲಾಗ್‌ನಲ್ಲಿರುವುದು ಯುಟಿಸಿ ಸಮಯ. ಭಾರತದಲ್ಲಿ ಕೂತವರು ಆ ಐದೂವರೆ ಗಂಟೆಯ ಅಂತರವನ್ನು ಮರೆಯಬಾರದು.

ಹಿಸ್ಟರಿ ಪರಿವರ್ತನೆಗೆ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯವರ ಎಸ್‌ವಿಎನ್2ಗಿಟ್ ಉಪಕರಣ ನಮಗೆ ಒಗ್ಗಿತು. ಅದು ಡಿಸ್ಕ್‌ನಲ್ಲಿರುವ ರೆಪೊವನ್ನು ನೇರವಾಗಿ ಓದುವುದರಿಂದ ನೆಟ್‌ವರ್ಕ್ ಮೇಲೆ ಒಂದೊಂದೇ ರಿವಿಜನ್ ತರುವ ಗಿಟ್-ಎಸ್‌ವಿಎನ್‌ಗಿಂತ ಬಹಳ ಬೇಗ ಮುಗಿಯುತ್ತದೆ. ಸರ್ವರ್‌ಗೆ ಲಾಗಿನ್ ಇಲ್ಲದವರು ಎಸ್‌ವಿಎನ್‌ಆರ್‌ಡಂಪ್‌ನಿಂದ ನಕಲು ತೆಗೆದುಕೊಳ್ಳಬಹುದು, 1.7ನೇ ಆವೃತ್ತಿಯಿಂದ ಅದು ಸಬ್‌ವರ್ಶನ್ ಜೊತೆಗೇ ಬರುತ್ತದೆ.

ಕಮಿಟ್ ಸಂದೇಶದಲ್ಲಿ ಹಳೆಯ ರಿವಿಜನ್ ಸಂಖ್ಯೆ ಉಳಿಯಲೇಬೇಕು, ಅದೂ ರೆಪೊದ ಹೆಸರಿನ ಸಮೇತ. ಬಗ್ ಟ್ರ್ಯಾಕರ್‌ನಲ್ಲಿ 'ಆರ್4521' ಎಂದಷ್ಟೇ ಇದ್ದರೆ, ಆ ಸಂಖ್ಯೆ ಎಲ್ಲ ರೆಪೊಗಳಲ್ಲೂ ಇರಬಹುದು.

ಬದಲಾವಣೆಯ ದಿನ ಎಲ್ಲ ರೆಪೊಗಳ ಸ್ಟಾರ್ಟ್-ಕಮಿಟ್ ಹುಕ್ (ಕಮಿಟ್ ಶುರುವಾಗುವಾಗ ಓಡುವ, ಸೋತರೆ ಕಮಿಟನ್ನೇ ತಡೆಯುವ ಸ್ಕ್ರಿಪ್ಟ್) ಒಟ್ಟಿಗೇ ಸೋಲುವಂತೆ ಮಾಡಿ, ಹೊಸ ವಿಳಾಸವನ್ನು ಎರರ್ ಸಂದೇಶದಲ್ಲೇ ಬರೆದೆವು. ಆಮೇಲೆ ಪ್ರತಿ ಟ್ಯಾಗ್ ಮತ್ತು ಜೀವಂತ ಬ್ರಾಂಚನ್ನು ಎರಡೂ ಕಡೆಯಿಂದ ಎಕ್ಸ್‌ಪೋರ್ಟ್ ಮಾಡಿ ಡಿಫ್ ನೋಡಿದೆವು. ಸಬ್‌ವರ್ಶನ್ ಕಡೆ ಕೀವರ್ಡ್‌ಗಳನ್ನೂ (ಫೈಲಿನಲ್ಲಿ ರಿವಿಜನ್, ದಿನಾಂಕ ಇತ್ಯಾದಿ ತಾನೇ ತುಂಬಿಕೊಳ್ಳುವ ಗುರುತುಗಳು) ಎಕ್ಸ್‌ಟರ್ನಲ್ಸನ್ನೂ ಬಿಟ್ಟು ಎಕ್ಸ್‌ಪೋರ್ಟ್ ಮಾಡದಿದ್ದರೆ ಸುಳ್ಳು ವ್ಯತ್ಯಾಸಗಳೇ ತುಂಬುತ್ತವೆ. ಹಾಗೆ ಮಾಡಿದ ಮೇಲೂ ಖಾಲಿ ಫೋಲ್ಡರುಗಳು ಕಾಣೆಯಾಗಿ ತೋರುತ್ತವೆ, ಗಿಟ್ ಅವನ್ನು ಇಟ್ಟುಕೊಳ್ಳುವುದಿಲ್ಲ. ಬಿಲ್ಡ್‌ಗೆ ಬೇಕಾದವುಗಳಲ್ಲಿ ಒಂದು ಡಾಟ್‌ಗಿಟ್‌ಕೀಪ್ ಫೈಲ್ ಇಟ್ಟರೆ ಸಾಕು.